ಗುಣಾಕಾರಕ್ಕೆ ಎಡ ಆಂಗ್ಯುಲರ್ ಗೈರಸ್: ಮಗ್ಗಿ ಭಾಷೆಯ ಜಾಗದಿಂದ ಬರುತ್ತದೆಯೇ?

ಪ್ರಶ್ನೆ: ಕನ್ನಡ ಮನೆಮಾತಿನವರ ಎಫ್‌ಎಂಆರ್‌ಐ (ಕೆಲಸ ಮಾಡುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂದು ತೋರಿಸುವ ಸ್ಕ್ಯಾನ್) ಡೇಟಾ ಇದೆ. 3 ಟೆಸ್ಲಾ ಸ್ಕ್ಯಾನರ್, ಟಿಆರ್ (ಮಿದುಳಿನ ಒಂದು ಚಿತ್ರಕ್ಕೆ ಹಿಡಿಯುವ ಸಮಯ) 2 ಸೆಕೆಂಡ್, 16 ಸೆಕೆಂಡಿನ ಬ್ಲಾಕ್‌ಗಳು. ಗುಣಿಸುವ ಲೆಕ್ಕ (7×8), ಕಳೆಯುವ ಲೆಕ್ಕ (13−6), ವಾಕ್ಯ ಓದುವುದು, ನಡುವೆ ಪ್ಲಸ್ ಗುರುತು ನೋಡುತ್ತ ವಿಶ್ರಾಂತಿ. ‘ಗುಣಾಕಾರ ಮೈನಸ್ ವ್ಯವಕಲನ’ ತೆಗೆದರೆ ಎಡ ಆಂಗ್ಯುಲರ್ ಗೈರಸ್ (ಮಿದುಳಿನ ಎಡಬದಿಯಲ್ಲಿ ಕಿವಿಯ ಹಿಂದೆ, ಮೇಲೆ ಇರುವ ಭಾಗ) ಎದ್ದು ಕಾಣುತ್ತದೆ. ಮಗ್ಗಿ ಬಾಯಿಪಾಠವಾದ್ದರಿಂದ ಉತ್ತರ ಭಾಷೆಯ ಜಾಗದಿಂದ ಬರುತ್ತದೆ ಎಂದು ಬರೆಯಬಹುದೇ?

ಉತ್ತರ 1: ಈಗಲೇ ಬೇಡ. ಆ ಕಾಂಟ್ರಾಸ್ಟ್ (ಒಂದರಿಂದ ಇನ್ನೊಂದನ್ನು ಕಳೆದ ಹೋಲಿಕೆ) ಹೇಳುವುದು ವ್ಯತ್ಯಾಸವನ್ನಷ್ಟೇ. ಅದೇ ಜಾಗದ ಬೀಟಾಗಳನ್ನು (ಪ್ರತಿ ಕೆಲಸಕ್ಕೆ ಸಿಗ್ನಲ್ ಎಷ್ಟು ಏರಿತು, ಇಳಿಯಿತು ಎಂಬ ಅಂದಾಜು) ವಿಶ್ರಾಂತಿಗೆ ಹೋಲಿಸಿ ಬೇರೆಬೇರೆಯಾಗಿ ಗ್ರಾಫ್ ಹಾಕಿ ನೋಡಿ. ಆಂಗ್ಯುಲರ್ ಗೈರಸ್‌ನ ಹೆಚ್ಚಿನ ಭಾಗ ಡಿಫಾಲ್ಟ್ ಮೋಡ್ ಜಾಲಕ್ಕೆ (ಸುಮ್ಮನಿದ್ದಾಗ ಚುರುಕಾಗಿದ್ದು, ಕೆಲಸದಲ್ಲಿ ತೊಡಗಿದಾಗ ತಗ್ಗುವ ಭಾಗಗಳು) ಸೇರಿದ್ದು. ಲೆಕ್ಕ ಕಷ್ಟವಾದಷ್ಟೂ ಅಲ್ಲಿನ ಸಿಗ್ನಲ್ ಇಳಿಯುತ್ತದೆ. ಎರಡೂ ಇಳಿದು, ಕಳೆಯುವ ಲೆಕ್ಕದಲ್ಲಿ ಹೆಚ್ಚು ಇಳಿದಿದ್ದರೂ ಇದೇ ಚಿತ್ರ ಬರುತ್ತದೆ.

ಪ್ರಶ್ನೆ ಕೇಳಿದವರು: ಹಾಕಿದೆ. ಎರಡೂ ಸೊನ್ನೆಗಿಂತ ಕೆಳಗೇ ಇವೆ, ವ್ಯವಕಲನ ಇನ್ನೂ ಕೆಳಗೆ.

ಉತ್ತರ 1: ಹಾಗಾದರೆ ‘ಸಕ್ರಿಯವಾಯಿತು’ ಎಂಬ ಪದ ತೆಗೆಯಿರಿ. ಪ್ರತಿ ಬ್ಲಾಕಿನ ಸರಾಸರಿ ಉತ್ತರ-ಸಮಯವನ್ನು (ಲೆಕ್ಕ ಎಷ್ಟು ಕಷ್ಟ ಎಂಬುದರ ಅಳತೆ) ವಿಶ್ಲೇಷಣೆಯ ಮಾಡೆಲಿಗೆ ಸೇರಿಸಿ. ಬಳಿಕವೂ ವ್ಯತ್ಯಾಸ ಉಳಿದರೆ ಮಾತಾಡಬಹುದು. ಮಗ್ಗಿ ಮಾತಿನ ರೂಪದಲ್ಲಿ ಎಡ ಆಂಗ್ಯುಲರ್ ಗೈರಸ್ ಮೂಲಕ, ಪ್ರಮಾಣದ ಅರಿವು ಅದರ ಮೇಲ್ಬದಿಯ ಸೀಳಾದ ಇಂಟ್ರಾಪರೈಟಲ್ ಸಲ್ಕಸ್‌ನಲ್ಲಿ ಎಂಬುದು ನರವಿಜ್ಞಾನಿ ಡಿಹೇನ್ ಮತ್ತವರ ಸಂಗಡಿಗರು 2003ರಲ್ಲಿ ಮಂಡಿಸಿದ ವಾದ. ನಿಮ್ಮ ಡೇಟಾ ಅದನ್ನು ಅಲ್ಲಗಳೆಯುವುದೂ ಇಲ್ಲ, ಸಾಬೀತುಪಡಿಸುವುದೂ ಇಲ್ಲ.

ಉತ್ತರ 2: ‘ಭಾಷೆಯ ಜಾಗ’ ಯಾವುದೆಂದು ಮೊದಲು ಪ್ರತಿಯೊಬ್ಬರಲ್ಲೂ ಗುರುತಿಸಬೇಕು. ವಾಕ್ಯವನ್ನು ವಿಶ್ರಾಂತಿಗೆ ಹೋಲಿಸಿದರೆ ಕಣ್ಣಿನ ಓಟ, ಅಕ್ಷರ ಗುರುತಿಸುವುದು ಎಲ್ಲವೂ ಸೇರಿಕೊಳ್ಳುತ್ತದೆ. ವಾಕ್ಯದ ಎದುರು ಅರ್ಥವಿಲ್ಲದ ಪದಗಳ ಸಾಲು ಇಡಿ. ‘ಹಸು ಹುಲ್ಲು ತಿಂದಿತು’ ಎಂಬುದಕ್ಕೆ ‘ದೆಸೊ ನೊಲ್ಲೀ ಗೆಂಬಿರು’: ಅಕ್ಷರಗಳ ಸಂಖ್ಯೆ ಅಷ್ಟೇ, ಒತ್ತು ಮತ್ತು ಸೊನ್ನೆ ಇದ್ದಲ್ಲೇ. ಸುಮ್ಮನೆ ಅಕ್ಷರ ಕಲಸಿದರೆ ಓದಲಾಗದ ಗುಂಪುಗಳು ಬಂದು ಹೋಲಿಕೆ ಕೆಡುತ್ತದೆ. ಒಂದು ರನ್‌ನಿಂದ (ಸ್ಕ್ಯಾನಿನ ಒಂದು ಸುತ್ತು) ಹೆಚ್ಚು ಸ್ಪಂದಿಸುವ ಶೇ. 10 ವಾಕ್ಸೆಲ್ (ಮಿದುಳಿನ ಚಿತ್ರದ ಪುಟ್ಟ ಘನ ತುಣುಕು) ಆರಿಸಿ, ಇನ್ನೊಂದು ರನ್‌ನಲ್ಲಿ ಅಳೆಯಿರಿ. ಒಂದೇ ರನ್‌ನಲ್ಲಿ ಆರಿಸಿ ಅಳೆದರೆ ಫಲಿತಾಂಶ ಉಬ್ಬುತ್ತದೆ. ಲೆಕ್ಕಕ್ಕೆ ಆ ವಾಕ್ಸೆಲ್‌ಗಳು ಸುಮ್ಮನಿದ್ದರೂ ಅಚ್ಚರಿಯಿಲ್ಲ. ವ್ಯಾಕರಣ ತೀವ್ರವಾಗಿ ಕೆಟ್ಟ ಮೂವರು ಅಫೇಸಿಯಾ (ಮಿದುಳಿನ ಹಾನಿಯಿಂದ ಭಾಷೆ ಕೆಡುವ ತೊಂದರೆ) ರೋಗಿಗಳು ಲೆಕ್ಕ ಮಾಡಬಲ್ಲರು ಎಂದು ಸಂಶೋಧಕಿ ವಾರ್ಲಿಯವರ ತಂಡ 2005ರಲ್ಲೇ ತೋರಿಸಿದೆ.

ಉತ್ತರ 3: ಉತ್ತರ ಬಾಯಲ್ಲಿ ಹೇಳಿಸುತ್ತಿದ್ದರೆ ನಿಲ್ಲಿಸಿ, ದವಡೆ ಆಡಿದರೆ ತಲೆ ಅಲುಗುತ್ತದೆ. ಎರಡು ಆಯ್ಕೆ ಕೊಟ್ಟು ಬಟನ್ ಒತ್ತಿಸಿ. ಆದರೆ 7×8ಕ್ಕೆ 55 ಎಂಬ ತಪ್ಪು ಆಯ್ಕೆ ಕೊಡಬೇಡಿ. ಸಮಸಂಖ್ಯೆಯ ಗುಣಲಬ್ಧ ಬೆಸವಾಗದು, ಗುಣಿಸದೆಯೇ ತಳ್ಳಿಹಾಕುತ್ತಾರೆ. ಎಂಟರ ಮಗ್ಗಿಯಲ್ಲೇ ಇರುವ 48 ಅಥವಾ 64 ಕೊಡಿ.