ಯಾರೂ ನೋಡಿಕೊಳ್ಳದ ಪ್ಯಾಕೇಜ್‌ಗಳನ್ನು ಯಾವಾಗ ತೆಗೆಯಬೇಕು?

ಕೊಪ್ಪಳದಿಂದ ಪ್ರಶ್ನೆ:
ನಮಸ್ಕಾರ. ನಮ್ಮ ಲ್ಯಾಬ್‌ಗೆಂದು ಡೆಬಿಯನ್ (ಒಂದು ಲಿನಕ್ಸ್ ವ್ಯವಸ್ಥೆ) ಮೇಲೆ ನಮ್ಮದೇ ರೆಪೊಸಿಟರಿ (ಸಾಫ್ಟ್‌ವೇರ್ ಪ್ಯಾಕೇಜ್‌ಗಳ ಸಂಗ್ರಹ) ಇಟ್ಟಿದ್ದೇವೆ. ಕುಷ್ಟಗಿ, ಗಂಗಾವತಿ ಕಡೆಯ ಶಾಲೆಗಳಿಗೂ ಅದನ್ನೇ ಪೆನ್‌ಡ್ರೈವ್‌ನಲ್ಲಿ ಕೊಡುತ್ತೇವೆ. ಡೆಬಿಯನ್ 12ಕ್ಕೆ ಬಂದ ಮೇಲೆ ಕನ್ನಡ ಮೆಟಾ ಪ್ಯಾಕೇಜ್ (ಕನ್ನಡಕ್ಕೆ ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ಒಟ್ಟಿಗೆ ತರುವುದು) ಇನ್‌ಸ್ಟಾಲ್ ಆಗುತ್ತಿಲ್ಲ. ಅದರೊಳಗೆ ನುಡಿ ತಂತ್ರಾಂಶದ ಹಳೇ ಫೈಲ್‌ಗಳನ್ನು ಯೂನಿಕೋಡ್‌ಗೆ ತರುವ ಸ್ಕ್ರಿಪ್ಟ್ ಇದೆ, ಅದು ಪೈಥಾನ್ 2 ಕೇಳುತ್ತದೆ. ಬರೆದವರು ಈಗ ಸಿಗುತ್ತಿಲ್ಲ. ಇಂಥವು ಇನ್ನೂ ಇವೆ. ಎರಡು ವರ್ಷ ಅಪ್‌ಡೇಟ್ ಬರದ್ದನ್ನೆಲ್ಲ ತೆಗೆದುಬಿಡಲಾ?

ಬಳ್ಳಾರಿಯಿಂದ ಉತ್ತರ:
ಹಾಗೆ ಮಾಡಬೇಡಿ ಸರ್. ಹಳೆಯದು ಅಂದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಒಂದು ಫಾಂಟ್ ಪ್ಯಾಕೇಜ್ ಐದು ವರ್ಷ ಬದಲಾಗದಿದ್ದರೂ ಏನೂ ತೊಂದರೆಯಿಲ್ಲ. ಆದರೆ ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿತು, 2023ರಲ್ಲಿ ಬಂದ ಡೆಬಿಯನ್ 12ರಲ್ಲಿ ಅದು ಇಲ್ಲವೇ ಇಲ್ಲ. ನಿಮ್ಮ ಸ್ಕ್ರಿಪ್ಟ್‌ಗೆ ಕಾಲೂರಲು ನೆಲವೇ ಇಲ್ಲ.

ಮೊದಲು ಇನ್‌ಸ್ಟಾಲ್ ಸರಿಮಾಡಿ. ಮೆಟಾ ಪ್ಯಾಕೇಜಿನ ಕಂಟ್ರೋಲ್ ಫೈಲಿನಲ್ಲಿ (ಅದಕ್ಕೆ ಏನೇನು ಬೇಕು ಅಂತ ಬರೆದಿರುವ ಫೈಲ್) ಆ ಸ್ಕ್ರಿಪ್ಟನ್ನು 'ಡಿಪೆಂಡ್ಸ್' (ಇರಲೇಬೇಕು) ಸಾಲಿನಿಂದ 'ರೆಕಮೆಂಡ್ಸ್' (ಇದ್ದರೆ ಒಳ್ಳೆಯದು) ಸಾಲಿಗೆ ಹಾಕಿ. ಆಮೇಲೆ ಅದೊಂದು ಸಿಗದಿದ್ದರೂ ಉಳಿದದ್ದೆಲ್ಲ ಇನ್‌ಸ್ಟಾಲ್ ಆಗುತ್ತದೆ.

ತೆಗೆಯುವ ಮುಂಚೆ ನಾನು ನೋಡುವುದು ಇಷ್ಟು: ಭದ್ರತೆಯ ದೋಷ ಹಾಗೇ ಉಳಿದಿದೆಯಾ, ಡೆಬಿಯನ್‌ನ ಹೊಸ ಆವೃತ್ತಿಯಲ್ಲಿ ಬಿಲ್ಡ್ ಆಗುತ್ತದಾ (ಸೋರ್ಸ್ ಕೋಡ್‌ನಿಂದ ಪ್ಯಾಕೇಜ್ ತಯಾರಾಗುತ್ತದಾ), ಬೇರೆ ಯಾವುದು ಅದನ್ನು ನೆಚ್ಚಿಕೊಂಡಿದೆ. ಆರ್‌ಡಿಪೆಂಡ್ಸ್ (ಇದನ್ನು ಕೇಳುವ ಬೇರೆ ಪ್ಯಾಕೇಜ್‌ಗಳ) ಪಟ್ಟಿ ನೋಡಿ ಗಾಬರಿಯಾಗಬೇಡಿ, ಬರೀ 'ಸಜೆಸ್ಟ್ಸ್' (ಬೇಕಿದ್ದರೆ ಹಾಕಿಕೊಳ್ಳಿ) ಅಂತ ಇರುವವೂ ಅದರಲ್ಲಿ ಬರುತ್ತವೆ. ಬಿಲ್ಡ್‌ಗೆ ಬೇಕಾದವು ಮಾತ್ರ ಅದರಲ್ಲಿ ಕಾಣುವುದಿಲ್ಲ, ಅವನ್ನು ಬೇರೆಯಾಗಿ ಹುಡುಕಬೇಕು.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ರೆಪೊಸಿಟರಿಯಿಂದ ತೆಗೆದರೆ ಶಾಲೆಯ ಕಂಪ್ಯೂಟರ್‌ನಿಂದ ಹೋಗುವುದಿಲ್ಲ. ಅಲ್ಲಿ ಅಪ್‌ಡೇಟ್ ಇಲ್ಲದೆ ಸುಮ್ನೆ ಕೂತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಮುಂದಿನ ಪೆನ್‌ಡ್ರೈವ್ ಜೊತೆಗೇ ಒಂದು ಚೀಟಿ ಕಳಿಸಿ: ಇದನ್ನು ನಿಲ್ಲಿಸುತ್ತಿದ್ದೇವೆ, ಬೇಕಿದ್ದವರು ಹೇಳಿ. ಫೆಡೋರಾದಲ್ಲೂ (ಇನ್ನೊಂದು ಲಿನಕ್ಸ್) ದಿಕ್ಕಿಲ್ಲದ ಪ್ಯಾಕೇಜನ್ನು ತೆಗೆಯುವ ಮುಂಚೆ 6 ವಾರ ಕಾಯುತ್ತಾರೆ. ನಿಮ್ಮಲ್ಲಿ ಪೆನ್‌ಡ್ರೈವ್ ತಿರುಗಿ ಬರಲು ಜಾಸ್ತಿ ದಿನ ಬೇಕಲ್ವಾ, ಒಂದು ಸೆಮಿಸ್ಟರ್ ಕೊಡಿ. ಸೋರ್ಸ್ ಕೋಡ್ ಮಾತ್ರ ಅಳಿಸಬೇಡಿ.

ಕೊಪ್ಪಳದಿಂದ:
ರೆಕಮೆಂಡ್ಸ್‌ಗೆ ಹಾಕಿದೆ, ಇನ್‌ಸ್ಟಾಲ್ ಆಯಿತು. ತುಂಬಾ ಥ್ಯಾಂಕ್ಸ್ ಸರ್. ಚೀಟಿಯನ್ನೂ ಬರೆಯುತ್ತೇನೆ.

ರಾಯಚೂರಿನಿಂದ:
ಆ ಸ್ಕ್ರಿಪ್ಟ್ ನಿಲ್ಲಿಸಬೇಡಿ ರೀ, ನಮ್ಮ ಕಡೆ ಪ್ರೆಸ್‌ಗಳಲ್ಲಿ ನುಡಿ ಫೈಲ್‌ಗಳು ರಾಶಿ ಇವೆ. ಪೈಥಾನ್ 3ಕ್ಕೆ ನಾನು ತರುತ್ತೇನೆ, ಮುಂದೆಯೂ ನೋಡಿಕೊಳ್ಳುತ್ತೇನೆ. 'ಸೂರ್ಯ', 'ಕಾರ್ಯ' ಥರದ ಪದಗಳಿರುವ ಒಂದೆರಡು ಹಳೇ ಫೈಲ್ ಕಳಿಸಿ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರೀಕ್ಷೆ ಅಲ್ಲಿಂದಲೇ ಶುರು ಮಾಡುತ್ತೇನೆ.