ಡೌಲಾ ಬೇಕಾ? ಇಟ್ಟುಕೊಂಡವರು ಅನುಭವ ಹೇಳಿ

ಪ್ರಶ್ನೆ (ಬೆಂಗಳೂರು): ನನಗೀಗ ಏಳು ತಿಂಗಳು, ಚೊಚ್ಚಲು. ಅಮ್ಮನಿಗೆ ಮಂಡಿನೋವು, ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ನನ್ನ ಜೊತೆ ನಿಲ್ಲುವುದು ಕಷ್ಟ. ಗೆಳತಿ ಡೌಲಾ ಇಟ್ಟುಕೋ ಅನ್ನುತ್ತಿದ್ದಾಳೆ, ಅಂದರೆ ಹೆರಿಗೆಯಲ್ಲಿ ಜೊತೆಗಿರಲು ದುಡ್ಡು ಕೊಟ್ಟು ಕರೆಸುವವರು. ಇವರು ಸೂಲಗಿತ್ತಿಯರ ಥರ ಹೆರಿಗೆ ಮಾಡಿಸುತ್ತಾರಾ? ಡಾಕ್ಟರ್, ನರ್ಸ್ ಇರುವಾಗ ಇನ್ನೊಬ್ಬರು ಯಾಕೆ? ಆರಿಸುವಾಗ ಏನು ನೋಡಬೇಕು?

ಮೈಸೂರಿನ ತಾಯಿ: ಹೆರಿಗೆ ಮಾಡಿಸುವುದಿಲ್ಲ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಡೌಲಾ ಕೆಲಸ ಅದಲ್ಲ. ಒಳಪರೀಕ್ಷೆ ಮಾಡುವಂತಿಲ್ಲ, ಔಷಧಿ ಕೊಡುವಂತಿಲ್ಲ, ನಿಮ್ಮ ಪರವಾಗಿ ತೀರ್ಮಾನ ತೆಗೆದುಕೊಳ್ಳುವಂತಿಲ್ಲ. ಮತ್ತೆ ಏನು ಮಾಡುತ್ತಾರೆ ಅಂದರೆ, ಬಿಟ್ಟು ಹೋಗದೆ ಜೊತೆಗಿರುತ್ತಾರೆ. ನರ್ಸ್ ಶಿಫ್ಟ್ ಬದಲಾಗುತ್ತದೆ, ಡಾಕ್ಟರ್ ಬಂದು ನೋಡಿ ಹೋಗುತ್ತಾರೆ. ನನಗೆ ನೋವೆಲ್ಲ ಸೊಂಟದಲ್ಲೇ ಇತ್ತು. ನೋವು ಏರಿದಾಗಲೆಲ್ಲ ಅವರು ಅಂಗೈಯಿಂದ ಸೊಂಟವನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದರು. ಓಡಾಡಿಸುವುದು, ಮಗ್ಗುಲು ಬದಲಿಸುವುದು, ನೀರು ಕುಡಿಸುವುದು, ಮೂತ್ರಕ್ಕೆ ಹೋಗಿ ಬಾ ಅಂತ ನೆನಪಿಸುವುದು, ಎಲ್ಲ ಅವರೇ. ಕೊನೆಗೆ ನಾನು ಎಪಿಡ್ಯೂರಲ್, ಅಂದರೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಔಷಧಿ ಕೇಳಿದೆ. ಒಂದು ಮಾತೂ ಆಡದೆ ನರ್ಸನ್ನು ಕರೆದರು. ಅದಕ್ಕೇ ಅವರು ಇಷ್ಟವಾದರು.

ಇನ್ನೊಂದು ವಿಷಯ, ಯಾರೂ ಹೇಳುವುದಿಲ್ಲ: ಭಾಷೆ ನೋಡಿ. ಸಂದರ್ಶನದಲ್ಲಿ ಇಂಗ್ಲಿಷ್ ಚೆನ್ನಾಗಿಯೇ ಇರುತ್ತದೆ. ನೋವು ಜೋರಾದಾಗ ಬಾಯಿಗೆ ಬರುವುದು ಕನ್ನಡ. ವಾರ್ಡಿನ ಆಯಾ ಹತ್ತಿರ ಬಿಸಿನೀರು ಕೇಳುವುದಕ್ಕೂ ಅದೇ ಬೇಕು, ಅಲ್ವಾ?

ಲೇಬರ್ ವಾರ್ಡ್ ನರ್ಸ್, ದಾವಣಗೆರೆ: ನಮಗೆ ಒಳ್ಳೆಯ ಡೌಲಾ ಬಂದರೆ ಖುಷಿಯೇ. ಒಬ್ಬಳೇ ನಾಲ್ಕೈದು ಜನರನ್ನು ನೋಡುವ ರಾತ್ರಿ ಯಾರ ಸೊಂಟ ಒತ್ತಲಿ ಹೇಳಿ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2017ರ ವಿಮರ್ಶೆ 26 ಅಧ್ಯಯನಗಳನ್ನು, 15 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ಸೇರಿಸಿ ನೋಡಿತ್ತು. ಬಿಡದೆ ಜೊತೆಗೊಬ್ಬರು ಇದ್ದವರಲ್ಲಿ ಸಿಸೇರಿಯನ್ ಕಡಿಮೆ, ಹೆರಿಗೆಗೆ ಹಿಡಿದ ಸಮಯವೂ ಸ್ವಲ್ಪ ಕಡಿಮೆ. ಹಾಗಂತ ಗ್ಯಾರಂಟಿ ಅಲ್ಲ. "ನಾನು ಬಂದರೆ ನಾರ್ಮಲ್ ಡೆಲಿವರಿ ಖಂಡಿತ" ಅನ್ನುವವರಿಂದ ದೂರ ಇರಿ. ಸ್ಕ್ಯಾನ್ ಬೇಡ ಅನ್ನುವವರು, ಬಿಪಿ ಏರಿದೆ ಅಂದರೂ ಮನೆಯಲ್ಲೇ ಕಾಯೋಣ ಅನ್ನುವವರು ಅಪಾಯ.

ಡೌಲಾ ಹುಡುಕುವ ಮೊದಲು ನಿಮ್ಮ ಆಸ್ಪತ್ರೆಯಲ್ಲಿ ಕೇಳಿ: ಒಳಗೆ ಎಷ್ಟು ಜನರನ್ನು ಬಿಡುತ್ತೀರಿ? ಒಬ್ಬರೇ ಅಂದರೆ ಗಂಡನಾ, ಡೌಲಾನಾ? ಗೇಟಿನಲ್ಲಿ ಜಗಳ ಆಡುವ ಹೊತ್ತಲ್ಲ ಅದು. ಆಪರೇಷನ್ ಥಿಯೇಟರಿಗೆ ಬಿಡುತ್ತಾರಾ ಅಂತಲೂ ಕೇಳಿ, ಎಷ್ಟೋ ಕಡೆ ಬಿಡುವುದಿಲ್ಲ.

ಒಬ್ಬ ಅಪ್ಪ: ನನ್ನ ಜಾಗ ಹೋಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ನಾನು ಊಟಕ್ಕೆ ಹೋಗಿ ಬರುವಾಗ ಇವಳ ಪಕ್ಕ ಒಬ್ಬರಿದ್ದರು, ಅಷ್ಟು ಸಾಕಿತ್ತು.

ಮಂಗಳೂರಿನಿಂದ: ನಮ್ಮ ಅನುಭವ ಅಷ್ಟು ಚೆನ್ನಾಗಿರಲಿಲ್ಲ. ಬಂದವರಿಗೆ ಡಾಕ್ಟರ್ ಹೇಳಿದ್ದೆಲ್ಲ ತಪ್ಪು. ಡ್ರಿಪ್ ಯಾಕೆ, ಮಾನಿಟರ್ ಯಾಕೆ ಅಂತ ನನ್ನ ಎದುರೇ ವಾದ. ನನಗೆ ನೋವಿಗಿಂತ ಭಯ ಜಾಸ್ತಿ ಆಯಿತು. ಡಾಕ್ಟರ್ ಏನಾದರೂ ಮಾಡೋಣ ಅಂದಾಗ "ಯಾಕೆ, ಕಾಯಬಹುದಾ, ಬೇರೆ ದಾರಿ ಇದೆಯಾ" ಅಂತ ನಾನೇ ಕೇಳುವ ಹಾಗೆ ಧೈರ್ಯ ಕೊಡಬೇಕಿತ್ತು. ಅದಕ್ಕೇ ಹೇಳುವುದು, "ನಿಮಗೂ ಡಾಕ್ಟರಿಗೂ ಅಭಿಪ್ರಾಯ ಬೇರೆ ಆದರೆ ಏನು ಮಾಡುತ್ತೀರಿ?" ಅಂತ ಮೊದಲೇ ಕೇಳಿ. ಸರ್ಟಿಫಿಕೇಟ್ ನೋಡಿ, ಆದರೆ ಅದನ್ನೇ ನಂಬಬೇಡಿ. ನಮ್ಮಲ್ಲಿ ಡೌಲಾಗಳಿಗೆ ಸರ್ಕಾರಿ ಲೈಸೆನ್ಸ್ ಅಂತ ಇಲ್ಲ. ಇತ್ತೀಚೆಗೆ ಹೆರಿಗೆಯಾದ ಒಂದಿಬ್ಬರ ಹತ್ತಿರ ಮಾತಾಡಿ, ಸಿಸೇರಿಯನ್ ಆದವರೂ ಅದರಲ್ಲಿರಲಿ.

ಕ್ಯಾಲಿಫೋರ್ನಿಯಾದಿಂದ: ಅಮ್ಮನಿಗೆ ವೀಸಾ ಸಿಗಲಿಲ್ಲ, ಡೌಲಾ ಇಟ್ಟುಕೊಂಡೆವು. ಇಲ್ಲಿ ಬಡವರ ಆರೋಗ್ಯ ಯೋಜನೆ ಮೆಡಿ-ಕ್ಯಾಲ್ 2023ರಿಂದ ಡೌಲಾ ಖರ್ಚು ಕೊಡುತ್ತದೆ. ನಮ್ಮದು ಬೇರೆ ಇನ್ಶೂರೆನ್ಸ್, ಕೈಯಿಂದಲೇ ಕೊಟ್ಟೆವು. ದುಡ್ಡಿನ ಮಾತು ಬರವಣಿಗೆಯಲ್ಲಿರಲಿ: ಯಾವ ವಾರದಿಂದ ಫೋನ್ ಮಾಡಿದರೆ ಬರುತ್ತಾರೆ, ಅದೇ ದಿನ ಇನ್ನೊಬ್ಬರ ಹೆರಿಗೆ ಬಂದರೆ ಬದಲಿ ಯಾರು, ಹೆರಿಗೆಗೆ ಮೊದಲು ಎಷ್ಟು ಸಲ ಭೇಟಿ, ಆಮೇಲೆ ಹಾಲುಣಿಸಲು ಸಹಾಯ ಇದೆಯಾ, ತುರ್ತಾಗಿ ಸಿಸೇರಿಯನ್ ಆದರೆ ಎಷ್ಟು ವಾಪಸ್. ಆ ಬದಲಿಯವರನ್ನೂ ಒಮ್ಮೆ ನೋಡಿಡಿ.

ಹುಬ್ಬಳ್ಳಿಯಿಂದ: ಎಲ್ಲರೂ ದುಡ್ಡು ಕೊಡಲೇಬೇಕು ಅಂತಿಲ್ಲ ಬಿಡಿ. ಹೆರಿಗೆಯಲ್ಲಿ ಜೊತೆಗೊಬ್ಬರನ್ನು ಬಿಡಬೇಕು ಅಂತ ಸರ್ಕಾರಿ ಆಸ್ಪತ್ರೆಗಳಿಗೆ ಕೇಂದ್ರ 2016ರಲ್ಲೇ ಹೇಳಿದೆ. ಹೆತ್ತ ಅನುಭವ ಇರುವ ಹೆಂಗಸಾದರೆ ಒಳ್ಳೆಯದು. ನನ್ನ ಜೊತೆ ಅತ್ತಿಗೆ ನಿಂತಳು. ಮೊದಲೇ ಇಬ್ಬರೂ ಹೆರಿಗೆ ತರಗತಿಗೆ ಹೋಗಿ ಸೊಂಟ ಒತ್ತುವುದು, ಉಸಿರಾಟ ಕಲಿತಿದ್ದೆವು. "ನಮ್ಮ ಕಾಲದಲ್ಲಿ" ಅಂತ ಶುರುಮಾಡದ ಅಕ್ಕನೋ ಚಿಕ್ಕಮ್ಮನೋ ಇದ್ದರೆ ಮೊದಲು ಅವರನ್ನೇ ಕೇಳಿ. ಇಲ್ಲದಿದ್ದರೆ ಡೌಲಾ ಹುಡುಕಿ, ಏಳು ತಿಂಗಳಾಯಿತು ಅಂದಿರಿ, ಇನ್ನು ತಡಮಾಡಬೇಡಿ.