ಮುದುಕಿ ಪಾತ್ರ ಬಂತಂತ ಅಳಬ್ಯಾಡ ಯವ್ವಾ

ಯವ್ವಾ, ನಾನು ದೊಡ್ಡವ್ವ ಮಾತಾಡಾಕತ್ತೀನಿ, ಕೊಪ್ಪಳದಿಂದ. ಟೈಪ್ ಮಾಡಾಕ ಕುಂತ್ರ ರಾತ್ರಿ ಆಗ್ತೈತಿ, ಅದಕ್ಕ ವಾಯ್ಸ್ ಹಾಕೀನಿ. ಉದ್ದ ಆದ್ರೂ ಪೂರ್ತಿ ಕೇಳು. ಕಾಲೇಜಿನ ನಾಟಕದಾಗ ನಾಯಕಿ ಪಾತ್ರ ಬ್ಯಾರೆ ಹುಡುಗಿಗೆ ಹೋತು, ನನಗ ಅಜ್ಜಿ ಪಾತ್ರ ಕೊಟ್ಟಾರ, ನಾ ಬಿಟ್ಟಬಿಡ್ತೀನಿ ಅಂತ ಮುಂಜಾನೆ ಗ್ರೂಪಿನಾಗ ಹಾಕಿದ್ಯಲ್ಲ, ಅದನ್ನ ಓದಿದಾಗಿಂದ ನನಗ ಸಮಾಧಾನ ಇಲ್ಲ. ಅದಕ್ಕ ಗಂಗಾವತಿ ಮಾವಾರು, ‘ಪುಟ್ಟಕ್ಕನ ಮಕ್ಕಳು ಧಾರಾವಾಹಿಯಾಗ ಪುಟ್ಟಕ್ಕನ ಪಾತ್ರ ಮಾಡಿದ ಉಮಾಶ್ರೀನೂ ಮೊದ್ಲು ಕಾಮಿಡಿ ಮಾಡ್ಕೊಂತನ ಬಂದ್ರು, ಕೊಟ್ಟಿದ್ದು ಮಾಡು’ ಅಂತ ಬರದಾರ. ಮಾವಾರೆ, ನೀವು ಒಳ್ಳೇದಕ್ಕ ಹೇಳೀರಿ. ಆದ್ರ ಅವರ ಕಥಿ ಕಾಮಿಡಿಯಿಂದ ಶುರು ಆಗಂಗಿಲ್ರೀ. ಮುದುಕಿ ಪಾತ್ರದಿಂದನ ಅವರ ಹೆಸರು ಆಗಿದ್ದು.

ದೇವನೂರ ಮಹಾದೇವ ಅವರ ‘ಒಡಲಾಳ’ ಕಾದಂಬರಿ ಐತಲ್ಲ, ಅದನ್ನ ಸಿ.ಜಿ. ಕೃಷ್ಣಸ್ವಾಮಿ ಅವರು ನಾಟಕ ಮಾಡ್ಸಿದ್ರು. ಅದರಾಗ ಸಾಕವ್ವ ಅಂತ ಒಬ್ಬಾಕಿ ಮುದುಕಿ. ಅದು ಉಮಾಶ್ರೀ ಮಾಡಿದ ಪಾತ್ರ. ಅವರು ಹುಟ್ಟಿದ್ದು 1957ರಾಗ, ತುಮಕೂರು ಜಿಲ್ಲೆ ನೊಣವಿನಕೆರಿಯಾಗ. ಸಾಕವ್ವನ ಪಾತ್ರ ಮಾಡೂವಾಗ ಅವರಿನ್ನೂ ಹರೇದ ಹೆಣ್ಮಗಳು. ಸಾಕವ್ವನ ಹುಂಜ ಕಳದಿರ್ತೈತಿ. ಆ ಒಂದು ಹುಂಜಕ್ಕ ಆಕಿ ಊರೆಲ್ಲಾ ಹುಡುಕ್ಯಾಡ್ತಾಳ. ರಾತ್ರಿ ಮಗ ಕದ್ದು ತಂದ ಕಡ್ಲಿಕಾಯಿ ಚೀಲಾ ಬಿಚ್ಚಿ, ಮನಿ ಮಂದಿಯೆಲ್ಲಾ ಒಲಿ ಮುಂದ ಕುಂತು, ಬೆಳಗಾಗೋದ್ರೊಳಗ ತಿಂದು ಮುಗಸ್ತಾರ. ಹಸಿವಿ ಅಂದ್ರ ಏನು ಅನ್ನೋದು ಆ ಮನಿಯಾಗ ಯಾರೂ ಭಾಷಣ ಮಾಡಂಗಿಲ್ಲ, ಬರೀ ಕಡ್ಲಿಕಾಯಿ ಸುಲಿಯೋದು, ತಿನ್ನೋದು, ಅಷ್ಟ. ಅಂಥಾ ಮನಿಯ ಹಿರೇಮನಷಾಳಾಗಿ ನಿಲ್ಲೋದು ಹರೇದ ಹುಡುಗಿಗೆ ಸಣ್ಣ ಕೆಲಸ ಅಂತಿ ಏನು? ನಾಯಕಿಗಾದ್ರ ಚಂದ ಕಾಣೋದು ಒಂದು ಆಸರ ಇರ್ತೈತಿ. ಸಾಕವ್ವಗ ಅದೂ ಇಲ್ಲ.

ಸಿನಿಮಾದಾಗ ಕಾಶಿನಾಥ್ ಅವರ ‘ಅನುಭವ’, 1984. ಆಮ್ಯಾಲೆ ವರ್ಷಗಟ್ಟಲೆ ಕಾಮಿಡಿ, ಎನ್.ಎಸ್. ರಾವ್ ಅವರ ಜೋಡಿ ಎಷ್ಟೋ ಸಿನಿಮಾ. ಆ ಡಬಲ್ ಮೀನಿಂಗ್ ಡೈಲಾಗು ಕೇಳಿ ನಮ್ಮ ಮನಿಯಾಗ ಹಿರಿಯರು ಟಿವಿ ಬಂದ್ ಮಾಡ್ತಿದ್ರು, ನೆನಪೈತಿ ನನಗ. ಅದಕ್ಕ ಅವರನ್ನ ಹಗುರಾಗಿ ಮಾತಾಡೋರನ್ನೂ ಕೇಳೀನಿ. ಎರಡು ಮಕ್ಕಳನ್ನ ಒಬ್ಬಾಕೇನ ಸಾಕಿದ ಹೆಣ್ಮಗಳು ಯವ್ವಾ, ಬಂದ ಕೆಲಸ ಮಾಡ್ಯಾರ. ನಾನಂತೂ ಅವರನ್ನ ತಪ್ಪು ಅನ್ನಂಗಿಲ್ಲ.

ಮುಂದ ಗಿರೀಶ ಕಾಸರವಳ್ಳಿಯವರು ‘ಗುಲಾಬಿ ಟಾಕೀಸು’ ಮಾಡಿದ್ರು, ವೈದೇಹಿಯವರ ಕಥಿ. ಕುಂದಾಪುರ ಕಡೆ ಮೀನುಗಾರರ ನಡುವ ಇರೋ ಸೂಲಗಿತ್ತಿ ಗುಲಾಬಿ, ಸಿನಿಮಾ ಅಂದ್ರ ಜೀವ ಬಿಡಾಕಿ. ಗಂಡ ಬಿಟ್ಟು ಹೋಗ್ಯಾನ, ಮನಿಗೆ ಒಂದು ಬಣ್ಣದ ಟಿವಿ ಬರ್ತೈತಿ, ಅದನ್ನ ನೋಡಾಕ ಓಣಿ ಹೆಣ್ಮಕ್ಕಳು ಬಂದು ಕುಂದರ್ತಾರ. ಆ ಗುಲಾಬಿ ಪಾತ್ರಕ್ಕ ಉಮಾಶ್ರೀಗೆ 2007ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ದೇಶಕ್ಕ ಅತ್ಯುತ್ತಮ ನಟಿ. ಆಗ ಅವರಿಗೆ ಐವತ್ತು ದಾಟಿತ್ತು.

ಆದ್ರ ನನಗ ಎಲ್ಲಾಕ್ಕಿಂತ ಹತ್ರ ಅನಿಸೋದು ‘ಕನಸೆಂಬೋ ಕುದುರೆಯನೇರಿ’ ಸಿನಿಮಾ. ಅದು ನಮ್ಮ ರಾಯಚೂರು ಜಿಲ್ಲೆಯವರಾದ ಅಮರೇಶ ನುಗಡೋಣಿಯವರ ಕಥಿ, ‘ಸವಾರಿ’ ಅಂತ. ಕುಣಿ ತೋಡೋ ಈರ್ಯಾ, ಅವನ ಹೇಂತಿ ರುದ್ರಿ. ಈರ್ಯಾ ಆಗಿ ವೈಜನಾಥ ಬಿರಾದಾರ, ರುದ್ರಿ ಆಗಿ ಉಮಾಶ್ರೀ. ಈರ್ಯಾನ ಕನಸಿನಾಗ ಸಿದ್ಧ ಅನ್ನೋ ಸಾಧು ಬಂದ್ರ ಊರಾಗ ಯಾರೋ ಸತ್ತಾರ ಅಂತ ಅವನ ನಂಬಿಕಿ. ಒಮ್ಮೆ ಕನಸು ಬೀಳ್ತೈತಿ, ಆದ್ರ ಗೌಡ್ರ ಮನಿಯವರು ಸಾವನ್ನ ಮುಚ್ಚಿಡ್ತಾರ. ಮಾವಾರೆ, ನೀವು ಇದನ್ನ ನೋಡಿಲ್ಲ ಅಂದ್ರ ಈ ವಾರ ನೋಡ್ರಿ. ಬಡವರ ಮನಿಯಾಗ ಗಂಡನ ಕನಸಿಗೆ, ಹೊಟ್ಟಿ ಹಸಿವಿಗೆ ನಡುವ ನಿಂತ ಹೆಂಗಸು ಹೆಂಗಿರ್ತಾಳ ಅನ್ನೋದು ಅಲ್ಲೈತಿ.

2013ರಾಗ ತೇರದಾಳದಿಂದ ಗೆದ್ದು ಕನ್ನಡ ಸಂಸ್ಕೃತಿ ಮಂತ್ರಿನೂ ಆದ್ರು, ಅದು ಎಲ್ಲಾರಿಗೂ ಗೊತ್ತು, ಬಿಡು.

ನಾ ಸಣ್ಣಾಕಿದ್ದಾಗ ಕುಷ್ಟಗಿ ಕಡೆ ನಮ್ಮ ಊರ ಜಾತ್ರಿಯಾಗ ನಾಟಕ ಆಡ್ತಿದ್ರು. ನಾಯಕಿ ಪಾತ್ರಕ್ಕ ಅಷ್ಟ ಹೊರಗಿಂದ ರೊಕ್ಕಾ ಕೊಟ್ಟು ಪಾತ್ರಧಾರಿ ಹೆಣ್ಮಕ್ಕಳನ್ನ ಕರಸ್ತಿದ್ರು. ಮುದುಕಿ ಪಾತ್ರಕ್ಕ ರೊಕ್ಕಾ ಯಾಕ ಅಂತ ಊರಾಗಿನ ಗಂಡಸು ಯಾರಾದ್ರೂ ಮೀಸಿ ಬೋಳಿಸ್ಕೊಂಡು ಸೀರಿ ಉಟ್ಕೊಂಡು ಮಾಡ್ತಿದ್ದ. ಮಂದಿ ನಗ್ತಿದ್ರು. ಹಾರ್ಮೋನಿಯಂ ನುಡಸೋ ಪೇಟಿ ಮಾಸ್ತರೂ ಆ ಪಾತ್ರಕ್ಕ ಒಂದು ಹಾಡು ಇಡ್ತಿರಲಿಲ್ಲ. ಹೆಣ್ಣಿನ ಪಾತ್ರ ಹೆಣ್ಮಕ್ಕಳ ಮಾಡಬೇಕು ಅಂತ ಅಷ್ಟು ಹಿಂದ ಹಟಾ ಹಿಡದವರು ಬಳ್ಳಾರಿ ರಾಘವ, ದೊಡ್ಡ ನಟರು, ವಕೀಲ್ರು. ಅವರು ತೀರಿಕೊಂಡಿದ್ದು 1946ರಾಗ. ಅದ ಬಳ್ಳಾರಿಯಾಗ ಸುಭದ್ರಮ್ಮ ಮನ್ಸೂರು ಜೀವಮಾನವೆಲ್ಲಾ ರಂಗದ ಮ್ಯಾಲೆ ಹಾಡಿ ಆಡಿದ್ರು, 2020ರಾಗ ಹೋದ್ರು. ಇಷ್ಟೆಲ್ಲಾ ಆದಮ್ಯಾಲೆ ನಿನ್ನಂಥಾ ಹುಡುಗಿಗೆ ಮಾಸ್ತರು ಅಜ್ಜಿ ಪಾತ್ರ ಕೊಟ್ಟಾರಂದ್ರ, ನಿನ್ನ ಕೈಲಿ ಆಗ್ತೈತಿ ಅಂತನ ಕೊಟ್ಟಾರ.

ಈಗ ಒಂದು ಕೆಲಸ ಮಾಡು. ನಮ್ಮ ಅಮ್ಮನ್ನ, ನಿಮ್ಮ ಅಜ್ಜಿನ್ನ, ಒಂದು ದಿನ ಸುಮ್ನ ನೋಡ್ಕೊಂತ ಕುಂದ್ರು. ನೆಲದಿಂದ ಏಳೋದು ನೋಡು. ಮೊದಲು ಎಡಗೈ ನೆಲಕ್ಕ ಊರ್ತಾಳ, ಬಲಗೈ ಮೊಣಕಾಲಿಗೆ. ಏಳೂಕ್ಕಿಂತ ಮುಂಚೆ ಒಂದು ಉಸಿರು ಬಿಡ್ತಾಳ, ಎದ್ದಮ್ಯಾಲಲ್ಲ. ಎದ್ದು ಒಂದು ಗಳಿಗಿ ಬಾಗಿಲ ಚೌಕಟ್ಟು ಹಿಡದು ನಿಂತು, ಸೆರಗು ಸರಿ ಮಾಡ್ಕೊಂಡು, ಆಮ್ಯಾಲೆ ಹೆಜ್ಜಿ ಇಡ್ತಾಳ. ನಡಾ ಬಗ್ಗಿಸಿ ಕೋಲು ಹಿಡ್ಕೊಂಡು ಗಡಗಡ ನಡಗಬ್ಯಾಡ, ಯಾವ ಅಜ್ಜಿನೂ ಹಂಗ ನಡಗಂಗಿಲ್ಲ. ದನಿನೂ ಸಣ್ಣ ಮಾಡಬ್ಯಾಡ, ನಮ್ಮ ಅಮ್ಮ ಕರದ್ರ ಮೂರು ಮನಿ ಆಚೆ ಕೇಳ್ತೈತಿ.

ಆಕಿ ಹಳೇ ಇಳಕಲ್ ಸೀರಿ ನನ್ನ ಟ್ರಂಕಿನಾಗ ಐತಿ, ಕೆಂಪು ಸೆರಗಿಂದು. ಐತವಾರ ಬಾ, ಕಚ್ಚಿ ಹಾಕಿ ಉಡಸ್ತೀನಿ. ತಾಲೀಮಿಗೆ ಅದನ್ನ ಉಟ್ಕೊಂಡು ಹೋಗು, ನಾಟಕದ ದಿನ ಅಷ್ಟ ಉಟ್ರ ಕಾಲಿಗೆ ತೊಡರ್ತೈತಿ. ಮಾಸ್ತರಿಗೆ ಬಿಡ್ತೀನಿ ಅಂತ ಇನ್ನೂ ಹೇಳಿಲ್ಲಲ್ಲ? ಹೇಳಬ್ಯಾಡ.